ಮುಟ್ಟಿದೆ

ಚಹಾಕ್ಕೆ ಹಾಕಿದ ಸಕ್ಕರೆ ಕದಡುತ್ತಿದ್ದಾಗ ಚಮಚ ಲೋಟದ ಅಂಚಿಗೆ ತಾಗಿ ಚಿಟ್ ಎಂದಿತು. ಅವಳ ಕೈ ಅಲ್ಲೇ ನಿಂತಿತು. ಅದೇ ಶಬ್ದವೇನಲ್ಲ. ಇದು ಸ್ಟೀಲಿಗೆ ಸ್ಟೀಲು ತಾಗಿದ ಒಣ ಶಬ್ದ. ಆ ಶಬ್ದದಲ್ಲಿ ಒಂದು ಹಸಿತನವಿತ್ತು, ಕಾದ ಎಣ್ಣೆಗೆ ಒಂದೇ ಒಂದು ಹನಿ ನೀರು ಬಿದ್ದಂತೆ. ಆದರೂ ಬುಧವಾರ ಮಧ್ಯಾಹ್ನದಿಂದ ಈಚೆಗೆ ಚಿಲಕ ಹಾಕಿದರೂ ಅದೇ, ಸ್ವಿಚ್ ಒತ್ತಿದರೂ ಅದೇ, ಅಮ್ಮ ಉಗುರು ಕತ್ತರಿಸಿಕೊಂಡರೂ ಅದೇ. “ಏನೇ, ನಿಂತಲ್ಲೇ ನಿದ್ದೆ ಮಾಡ್ತಿದೀಯಾ? ಆರಿಹೋಗುತ್ತೆ, ಕುಡಿ” ಎಂದಳು ಅಮ್ಮ. ತಮ್ಮನೂ ಮಗಳೂ ಒಂದೇ ಕಾರ್ಖಾನೆಯಲ್ಲಿ ವೆಲ್ಡರುಗಳಾದ್ದರಿಂದ ಅಮ್ಮನಿಗೆ ಅಲ್ಲಿಯ ಮಾತೆಲ್ಲ ಬಾಯಿಗೆ ಬಂದಿದೆ. “ಇವತ್ತು ಫಿಲ್ಮ್ ಬರುತ್ತೆ ಅಂದಿದ್ದೆ ಅಲ್ವಾ, ಆ ದೊಡ್ಡ ಡ್ರಮ್ಮಿಂದು?” “ಡ್ರಮ್ಮಲ್ಲ ಅಮ್ಮ, ಚೇಂಬರು.” “ಏನೋ ಒಂದು. ನಿನ್ನ ಮಾವನ ಕೆಲಸ ತಾನೇ, ಅದನ್ನ ಎಕ್ಸ್‌ರೇ ತೆಗೆದು ನೋಡೋದೇ ಅವನಿಗೊಂದು ಅವಮಾನ.” ಅವಳು ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡಳು. ಹೋದ ಭಾನುವಾರ ಇದೇ ಮೇಜಿನ ಹತ್ತಿರ ಕೂತು ಮಾವ ನೀರು ಬಗ್ಗಿಸಿಕೊಳ್ಳುವಾಗ ಧಾರೆ ಲೋಟದ ಪಕ್ಕಕ್ಕೆ ಬಿದ್ದಿತ್ತು. ಅಮ್ಮ ನಕ್ಕಿದ್ದಳು, ಮಾವನೂ ನಕ್ಕಿದ್ದರು. ನಗದೆ ಇದ್ದವಳು ಅವಳೊಬ್ಬಳೇ. ಅಮ್ಮನಿಗೆ ಇನ್ನೊಂದು ಯೋಚನೆ ಬರುವುದರೊಳಗೆ ಬಟ್ಟೆ ತಂದು ಮೇಜು ಒರೆಸಿ, ಬೇರೆ ಏನೋ ಮಾತು ತೆಗೆದಿದ್ದಳು. ಒರೆಸುವುದರಲ್ಲಿ ತಾನು ಈಚೆಗೆ ಎಷ್ಟು ಚುರುಕಾಗಿದ್ದೇನೆ ಎಂದು ಈಗ ಅನ್ನಿಸಿ ನಾಚಿಕೆಯಾಯಿತು.

ಮಾವ ಎಂದರೆ ಅವಳೊಬ್ಬಳಿಗೇ ಮಾವ ಅಲ್ಲ. ಹದಿನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಗ್ರೈಂಡರುಗಳ ಗದ್ದಲದ ನಡುವೆ ಕಿರುಚಿಕೊಂಡರೆ ಮಾತ್ರ ಕೇಳುತ್ತದೆ ಎಂದು ತಿಳಿದು ಅವಳು “ಮಾವಾ!” ಎಂದು ಗಂಟಲು ಹರಿಯುವಂತೆ ಕೂಗಿದ್ದಳು. ಅದೇ ಕ್ಷಣಕ್ಕೆ ಸರಿಯಾಗಿ ಗ್ರೈಂಡರುಗಳೆಲ್ಲ ನಿಂತಿದ್ದವು. ಇಡೀ ಶಾಪ್ ನಕ್ಕಿತು. ಮರುದಿನದಿಂದ ಲೇತಿನವನು, ಪೇಂಟಿನವನು, ಗೇಟಿನವನು, ಕೊನೆಗೆ ಮಾವನಿಗಿಂತ ಹಿರಿಯನಾದ ಸ್ಟೋರಿನವನೂ ಅವರನ್ನು ಮಾವ ಎಂದೇ ಕರೆದರು. ಮ್ಯಾನೇಜರಂತೂ ಒಮ್ಮೆ ಹೊರಗಿನಿಂದ ಬಂದ ಗಿರಾಕಿಗಳೆದುರು “ಇವರು ನಮ್ಮ ಮಾವ” ಎಂದು ಪರಿಚಯಿಸಿದಾಗ, ಗಿರಾಕಿಗಳು ಇವರನ್ನು ಮ್ಯಾನೇಜರ ಹೆಂಡತಿಯ ತಂದೆಯೆಂದು ತಿಳಿದು ಎದ್ದು ನಿಂತಿದ್ದರು. ಅಂಥ ಜಾಗದಲ್ಲಿ ಅವಳ ಸಂಬಂಧಕ್ಕೆ ಬೆಲೆಯೇ ಇರಲಿಲ್ಲ, ಎಲ್ಲರೂ ಅಳಿಯ-ಸೊಸೆಯರೇ. ಮೊದಲ ಆರು ತಿಂಗಳು ಮಾವ ಅವಳ ಕೈಗೆ ಬೆಸೆಯುವ ಟಾರ್ಚ್ ಕೊಡಲಿಲ್ಲ. ತಗಡು ಉಜ್ಜು, ಅಸಿಟೋನಿನಲ್ಲಿ ಒರೆಸು, ಕೈಗವಸಿಲ್ಲದೆ ಮುಟ್ಟಬೇಡ, ಬೆರಳಿನ ಜಿಡ್ಡೂ ಕೊಳೆಯೇ. ಆಮೇಲೆ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿಯಷ್ಟು ಬೆಸುಗೆ, ಹಾಕುವುದು: ದುಂಡನೆಯ ಚಿಪ್ಪಿಗೆ ಮುಚ್ಚಳ ಕೂಡಿಸುವಾಗ ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಕಾವಿಗೆ ಲೋಹ ಎಳೆದುಕೊಂಡು ಇಡೀ ಚಿಪ್ಪು ಸೊಟ್ಟಗಾಗುತ್ತದೆ. “ಸ್ಟೀಲು ಅಂದ್ರೆ ಬೀಗರು ಇದ್ದ ಹಾಗೆ ಕಣೇ. ಒಬ್ಬರಿಗೇ ಉಪಚಾರ ಮಾಡಿದ್ರೆ ಇನ್ನೊಬ್ಬರು ಮುಖ ತಿರುಗಿಸ್ತಾರೆ. ಇಲ್ಲೊಂದು ಟ್ಯಾಕು ಹಾಕಿದ್ಯಾ, ಎದ್ದು ಹೋಗಿ ಎದುರುಗಡೆ ಒಂದು ಹಾಕು.” ಎದ್ದು ಹೋಗಿ ಎದುರುಗಡೆ, ಎದ್ದು ಬಂದು ಈಚೆ. ಸಂಜೆ ಮನೆಗೆ ಬಂದು ಕಾಲು ಒತ್ತಿಕೊಳ್ಳುತ್ತ, ವೆಲ್ಡಿಂಗು ಕೈಯ ಕೆಲಸ ಅಂದವರು ಯಾರು ಎಂದು ಅಮ್ಮನೆದುರು ಗೊಣಗಿದ್ದಳು.

ಕಾರ್ಖಾನೆಯ ಕಡೆಗೆ ತಿರುಗುವ ರಸ್ತೆಯಲ್ಲಿ ನಡೆಯುತ್ತಿದ್ದಂತೆ ಅವಳಿಗೆ ಕಾಲು ಹಿಂದೆ ಹಿಂದೆ ಬೀಳುತ್ತಿರುವುದು ಗೊತ್ತಾಯಿತು. ಟೈರ್ ಅಂಗಡಿ, ಗೋಡೆಗೆ ಒರಗಿಸಿದ ಪೈಪುಗಳು, ಬಾಗಿಲು ತೆರೆಯದ ಕ್ಷೌರದ ಅಂಗಡಿ. ಕ್ಷೌರದ ಅಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡು, ಇವಳು ಹೇಳುವವಳಲ್ಲ ಅನ್ನಿಸಿತು. ಹೇಳುವುದು ಎಂದರೆ ಅವರ ಶಾಪಿನಲ್ಲಿ ಒಂದೇ ಮಾತು. ಆರ್ಗಾನ್ ವೆಲ್ಡಿಂಗಿನಲ್ಲಿ ಟಾರ್ಚಿನ ತುದಿಗೆ ಟಂಗ್‌ಸ್ಟನ್ನಿನ ಸೂಜಿ ಇರುತ್ತದೆ. ಅದು ಕರಗಿದ ಲೋಹದ ಮೇಲೆ ಒಂದೂವರೆ, ಎರಡು ಮಿಲಿಮೀಟರು ಎತ್ತರದಲ್ಲಿ ತೇಲುತ್ತ ಹೋಗಬೇಕು, ಮುಟ್ಟಬಾರದು. ಮುಟ್ಟಿದರೆ ಸೂಜಿಯ ತುದಿಯ ಚೂರು ಮುರಿದು ಒಳಗೇ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೇಲೆ ಲೋಹ ಹರಿದು ಮುಚ್ಚಿಕೊಂಡುಬಿಡುತ್ತದೆ, ಚೆಂದವೂ ಆಗಿರುತ್ತದೆ. ಆದರೆ ಮುಂದೊಂದು ದಿನ, ಚೇಂಬರಿನ ಗಾಳಿಯನ್ನೆಲ್ಲ ಹೀರಿ ತೆಗೆದಾಗ, ಅಲ್ಲಿಂದಲೇ ಬಿರುಕು ಹುಟ್ಟಬಹುದು. ಮುಟ್ಟುವುದು ತಪ್ಪೇನಲ್ಲ, ಉಸಿರು ಸಿಕ್ಕಿಕೊಂಡರೂ ಮುಟ್ಟುತ್ತದೆ, ಸೀನು ಬಂದರೂ ಮುಟ್ಟುತ್ತದೆ. ಮುಟ್ಟಿದವರು ಟಾರ್ಚ್ ನಿಲ್ಲಿಸಿ, ಹೆಲ್ಮೆಟ್ ಎತ್ತಿ, “ಮುಟ್ಟಿದೆ!” ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹತ್ತಿರದಲ್ಲಿ ಇದ್ದವರು ಯಾರಾದರೂ “ಉಜ್ಜಿ ತೆಗಿ, ಮತ್ತೆ ಹಾಕು” ಎನ್ನುತ್ತಾರೆ. ಅಷ್ಟೇ. ಯಾರೂ ನಗುವುದಿಲ್ಲ, ತಲೆ ಎತ್ತಿ ನೋಡುವುದೂ ಇಲ್ಲ. ಈ ಪದ್ಧತಿ ಹಾಕಿದವರು ಮಾವ. ಯಾರು ಬೆಸೆದದ್ದೆಂದು ತಿಳಿಯಲು ಪ್ರತಿ ಸಾಲಿನ ಪಕ್ಕ ವೆಲ್ಡರಿನ ನಂಬರು ಒತ್ತುತ್ತಾರೆ, ಮಾವನ ನಂಬರು ಏಳು. ಮೂವತ್ತೊಂದು ವರ್ಷದಲ್ಲಿ ಏಳನೇ ನಂಬರಿನ ಒಂದೇ ಒಂದು ಎಕ್ಸ್‌ರೇ ಫಿಲ್ಮ್ ತಪ್ಪು ತೋರಿಸಿ ವಾಪಸು ಬಂದಿಲ್ಲ. ಹೊಸಬರು ಇದನ್ನು ಕೇಳಿ, ಮಾವನ ಸೂಜಿ ಒಂದು ಸಲವೂ ಮುಟ್ಟಿಲ್ಲ ಎಂದು ತಿಳಿಯುತ್ತಾರೆ. ಹಾಗಲ್ಲ. ಮುಟ್ಟಿದಾಗಲೆಲ್ಲ ಮಾವ ಹೇಳಿದ್ದಾರೆ. ಮ್ಯಾನೇಜರು ಗಿರಾಕಿಗಳನ್ನು ಕರೆತಂದು ಪಕ್ಕದಲ್ಲಿ ನಿಂತು ಹೊಗಳುತ್ತಿರುವಾಗಲೇ ಒಮ್ಮೆ ಹೆಲ್ಮೆಟ್ ಎತ್ತಿ “ಮುಟ್ಟಿದೆ” ಎಂದಿದ್ದರು, ಏನೋ ತಿಂಡಿ ಆಯಿತು ಎಂದ ಹಾಗೆ. ಆ ದಿನ ಮಾವನ ಮೇಲೆ ಅವಳಿಗೆ ಹುಟ್ಟಿದ ಗೌರವ ಇವತ್ತಿಗೂ ಎದೆಯಲ್ಲಿ ಹಾಗೇ ಇದೆ, ಅದೇ ಈಗ ಚುಚ್ಚುತ್ತಿರುವುದು.

ಇನ್ನೊಂದು ಮಾತು ಕಣ್ಣಿನದು. ಸೂಜಿಯ ಕೆಳಗೆ ಕರಗಿ ದುಂಡಗೆ ಹೊಳೆಯುವ ಲೋಹದ ಆ ಚುಕ್ಕಿಗೆ ಪುಸ್ತಕದಲ್ಲಿ ಏನು ಹೆಸರಿದೆಯೋ, ಮಾವ ಅದನ್ನು ಕಣ್ಣು ಎನ್ನುತ್ತಾರೆ. “ಬೆಂಕಿ ನೋಡಬೇಡ, ಕಣ್ಣು ನೋಡು. ಕಣ್ಣು ದುಂಡಗಿದ್ರೆ ಮುಂದೆ ಹೋಗು, ಉದ್ದ ಆದ್ರೆ ಅವಸರ ಮಾಡ್ತಿದೀಯಾ ಅಂತ, ಅಂಚು ನಡುಗಿದ್ರೆ ಕೊಳೆ ಇದೆ ಅಂತ.” ಆರು ತಿಂಗಳ ನಂತರ ಮೊದಲ ಸಲ ಕಪ್ಪು ಗಾಜಿನೊಳಗಿಂದ ಅದನ್ನು ಕಂಡಾಗ ಅವಳು ಅದಕ್ಕೆ ಕರಗಿಸಿ ಸೇರಿಸುವ ಲೋಹದ ಕಡ್ಡಿ ಹಾಕುವುದನ್ನೇ ಮರೆತು ನೋಡುತ್ತ ಕೂತಿದ್ದಳು. ಅಷ್ಟು ಚಿಕ್ಕದು, ಅಷ್ಟು ಜೀವಂತ. ಅದರ ಹಿಂದೆ ಲೋಹ ತಣ್ಣಗಾಗುತ್ತ ಒಂದರ ಮೇಲೊಂದು ಒರಗಿದ ಸಣ್ಣ ಸಣ್ಣ ಬಳೆಗಳ ಸಾಲಾಗಿ ಉಳಿಯುತ್ತಿತ್ತು. ಮಾವನ ಸಾಲು ನೋಡಿದರೆ ಯಂತ್ರ ಹಾಕಿದ್ದು ಅನ್ನಿಸುತ್ತಿತ್ತು, ಹತ್ತಿರ ಹೋಗಿ ನೋಡಿದರೆ ಯಂತ್ರಕ್ಕೆ ಇಷ್ಟು ಅಕ್ಕರೆ ಎಲ್ಲಿಂದ ಬರಬೇಕು ಅನ್ನಿಸುತ್ತಿತ್ತು. ಐದು ತಿಂಗಳ ಹಿಂದೆ, ಒಂದು ಚೇಂಬರಿನ ಕೊನೆಯ ಪಾಸು, ಅಂದರೆ ಮೇಲಿನ ಪದರದ ಬೆಸುಗೆ, ಅರ್ಧದಲ್ಲಿರುವಾಗ, ಮಾವ ಟಾರ್ಚ್ ನಿಲ್ಲಿಸಿ ಸುಮ್ಮನೆ ಕೂತರು. ಬೆಸುಗೆಯ ಬೆಳಕು ಹೊರಗೆ ಬೀಳದಂತೆ ಕಟ್ಟಿದ ಹಸಿರು ಪರದೆಯ ಒಳಗೆ ಅವರಿಬ್ಬರೇ. ಅವಳು ರೋಲರುಗಳ ಮೇಲೆ ಚೇಂಬರನ್ನು ಮೆಲ್ಲಗೆ ತಿರುಗಿಸಿ ಕೊಡುವವಳು. “ಬೆನ್ನು ಹಿಡ್ಕೊಂಡುಬಿಡ್ತು, ಮಿಕ್ಕಿದ್ದು ನೀನೇ ಎಳೆದುಬಿಡು” ಎಂದು ಎದ್ದು ಸ್ಟೂಲು ಬಿಟ್ಟುಕೊಟ್ಟರು. ಅವಳು ಎಳೆದಳು. ಮುಗಿದ ಮೇಲೆ ಮಾವ ತಮ್ಮ ಏಳರ ಪಂಚನ್ನು ಸಾಲಿನ ಪಕ್ಕ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರು. ಮುಂದಿನ ಚೇಂಬರಿಗೂ ಬೆನ್ನು ಹಿಡಿದುಕೊಂಡಿತು. ಅದರ ಮುಂದಿನದಕ್ಕೆ ಬೆನ್ನಿನ ಮಾತೂ ಇಲ್ಲ, ಎದ್ದು ನಿಂತರು, ಅವಳು ಕೂತಳು.

ಮಾವನ ಕಣ್ಣಿನ ನಡುವೆ ಒಂದು ಕಲೆ ಬಿದ್ದಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾವ ಈಗ ಎದುರಿಗೆ ನಿಂತು ಮಾತಾಡುವಾಗ ಕಿವಿಯ ಕಡೆ ನೋಡುತ್ತಾರೆ. ಏನನ್ನಾದರೂ ನೋಡಬೇಕಾದರೆ ಕೊರಳು ಓರೆ ಮಾಡಿ ಪಕ್ಕದಿಂದ ನೋಡುತ್ತಾರೆ. ವರ್ಷಕ್ಕೊಮ್ಮೆ ವೆಲ್ಡರುಗಳಿಗೆಲ್ಲ ಕಣ್ಣಿನ ಪರೀಕ್ಷೆ. ಈ ಸಲ ಸಾಲಿನಲ್ಲಿ ಮುಂದೆ ನಿಂತವನು ಕೊನೆಯ ಸಾಲಿನ ಅಕ್ಷರಗಳನ್ನು ಓದುವುದು ಕೇಳಿಸಿಕೊಂಡು ಮಾವ ಬಾಯಿಪಾಠ ಮಾಡಿದ್ದು ಅವಳಿಗೆ ಗೊತ್ತು, ಹಿಂದೆ ನಿಂತಿದ್ದವಳು ಅವಳೇ, ಅವರ ತುಟಿ ಅಲುಗುತ್ತಿತ್ತು. ಅಷ್ಟು ದೊಡ್ಡ ಕಸುಬುಗಾರರು ಶಾಲೆಗೆ ಹೋಗುವ ಹುಡುಗನ ಹಾಗೆ ಕಾಪಿ ಹೊಡೆದರಲ್ಲ ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದಿತ್ತು. ನಿವೃತ್ತಿಗೆ ಇನ್ನೆರಡು ವರ್ಷ. ಎರಡು ವರ್ಷ ತಾನು ಎಳೆದರಾಯಿತು, ಯಾರಿಗೇನು ನಷ್ಟ, ಸಾಲು ಅಚ್ಚುಕಟ್ಟಾಗಿದ್ದರೆ ಸಾಕಲ್ಲ, ಎಂದು ಲೆಕ್ಕ ಹಾಕಿದ್ದಳು. ಲೆಕ್ಕದಲ್ಲಿ ತನ್ನನ್ನು ತಾನು ಹಿಡಿಯಲು ಮರೆತಿದ್ದಳು. ಫಿಲ್ಮ್ ನೋಡುವ ಇನ್ಸ್‌ಪೆಕ್ಟರು, ಕೊರಳಿಗೆ ಸದಾ ದುಂಡನೆಯ ಗಾಜು ನೇತುಹಾಕಿಕೊಂಡಿರುವುದರಿಂದ ಶಾಪಿನಲ್ಲಿ ಭೂತಗನ್ನಡಿ ಎಂದೇ ಹೆಸರಾದವನು, ಎರಡು ತಿಂಗಳ ಹಿಂದೆ ಮಾವನೂ ಅಲ್ಲೇ ಇದ್ದಾಗ ಅವಳದೇ ಒಂದು ಸಾಲಿನ ಮೇಲೆ ಬೆರಳಾಡಿಸಿ “ನೋಡಮ್ಮ, ಇದು ಮಾವನ ಕೈ ಅಂದ್ರೆ. ನೀನೂ ಹತ್ತಿರ ಬಂದಿದೀಯಾ, ಇಲ್ಲ ಅನ್ನಲ್ಲ, ಆದ್ರೆ ಇದು ಬೇರೆ” ಎಂದಿದ್ದ. ಅವಳು ತಲೆಯಾಡಿಸಿದ್ದಳು. ಮಾವನ ಕೈ ಎಂದು ತನ್ನ ಕೈಯನ್ನು ಕರೆದರಲ್ಲ ಎಂದು ಹಿಗ್ಗು, ತನ್ನದು ಎಂದು ಯಾರೂ ಕರೆಯಲಿಲ್ಲವಲ್ಲ ಎಂದು ಉರಿ. ಆ ಉರಿ ಆರಿತು ಎಂದುಕೊಂಡಿದ್ದಳು. ಬುಧವಾರ ಗೊತ್ತಾಯಿತು, ಆರಿರಲಿಲ್ಲ.

ಬುಧವಾರ ಊಟವಾದ ಮೇಲೆ ಆ ದೊಡ್ಡ ಚೇಂಬರಿನ ಕೊನೆಯ ಪಾಸು. ಮುಕ್ಕಾಲು ಸುತ್ತು ಮುಗಿದಿತ್ತು. ಕಣ್ಣು ದುಂಡಗಿತ್ತು. ಪರದೆಯಾಚೆ ಯಾರೋ ಯಾರನ್ನೋ ಕೂಗಿದರು, ಅವಳ ಮೊಣಕೈ ಕೂದಲೆಳೆಯಷ್ಟು ಇಳಿಯಿತು, ಚಿಟ್. ಬೆಳಕು ಒಂದು ಗಳಿಗೆ ಹಸಿರಿಗೆ ತಿರುಗಿ ಮತ್ತೆ ಬಿಳಿಯಾಯಿತು. ಕೈ ನಿಲ್ಲಬೇಕಿತ್ತು. ಹದಿನಾಲ್ಕು ವರ್ಷ ನಿಂತ ಕೈ. ಕೂಗಿದರೆ ಏಳನೇ ನಂಬರಿನ ಕೆಲಸದ ಪರದೆಯೊಳಗಿಂದ ಅವಳ ದನಿ ಹೊರಗೆ ಹೋಗುತ್ತದೆ, ಐದು ತಿಂಗಳ ಗುಟ್ಟು ಬಯಲಾಗುತ್ತದೆ. ಮಾವನನ್ನು ಕಾಪಾಡಲಿಕ್ಕೇ ಕೂಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ನಿಜ, ಅರ್ಧ ನಿಜ. ಮೆಲ್ಲಗೆ ಹೇಳಬಹುದಿತ್ತಲ್ಲ, ಮಾವ ಒಂದು ಮೊಳದ ದೂರದಲ್ಲಿ ರೋಲರಿನ ಹಿಡಿ ಹಿಡಿದು ಕೂತಿದ್ದರು, ಅವರೇ ‘ಮುಟ್ಟಿದೆ’ ಎಂದು ಕೂಗುತ್ತಿದ್ದರು. ಇನ್ನರ್ಧ ಏನೆಂದರೆ, ಆ ಚಿಟ್ ಆದ ಮರುಗಳಿಗೆಯಲ್ಲಿ, ಭಯಕ್ಕಿಂತ ಮೊದಲು, ಅವಳ ಮನಸ್ಸಿನಲ್ಲಿ ಹಾದುಹೋದದ್ದು ಇಷ್ಟು: ನಂಬರು ನನ್ನದಲ್ಲ. ಹಾದುಹೋಗುವಾಗ ಅದು ತಣ್ಣಗಿತ್ತು, ಹಿತವಾಗಿತ್ತು. ಹೊಗಳಿಕೆ ಏಳಕ್ಕೆ ಹೋದ ಮೇಲೆ ಇದೂ ಏಳಕ್ಕೇ ಹೋಗಲಿ ಎಂದು ಯಾರೋ ಒಳಗೆ ಕೂತು ಹೇಳಿದ ಹಾಗಿತ್ತು. ಕೈ ಮುಂದೆ ಹೋಯಿತು, ಲೋಹ ಮೇಲೆ ಹರಿದು ಮುಚ್ಚಿತು, ಬಳೆಗಳ ಸಾಲು ಚೆಂದಕ್ಕೆ ಮುಗಿಯಿತು. ಮಾವ ಎದ್ದು ಬಂದು ಎಡಗೈ ಹೆಬ್ಬೆರಳಿನಿಂದ ಸಾಲಿನ ಪಕ್ಕದ ಜಾಗ ತಡವಿ ಪಂಚ್ ಇಟ್ಟರು. ಸುತ್ತಿಗೆ ಎತ್ತಿದ ಕೈ ಮೇಲೆಯೇ ನಿಂತಿತು. ಎಷ್ಟು ಹೊತ್ತು? ಒಬ್ಬರು ಒಂದು ಮಾತು ಹೇಳಬಹುದಾದಷ್ಟು ಹೊತ್ತು. ಅವಳು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಸುತ್ತಿಗೆ ಇಳಿಯಿತು.

ಶಾಪಿನೊಳಗೆ ಕಾಲಿಟ್ಟಾಗ ಮಾವ ಆಗಲೇ ಬಂದು ಮುಂದಿನ ಚೇಂಬರಿನ ಚಿಪ್ಪುಗಳನ್ನು ಕೂಡಿಸುತ್ತಿದ್ದರು. ಎರಡು ಮಿಲಿಮೀಟರು ದಪ್ಪದ ಎರಡು ಅಂಚುಗಳು ಒಂದಕ್ಕೊಂದು ಎದುರಾಗಿ ನಿಲ್ಲಬೇಕು. ಒಂದು ಕೂದಲಿನಷ್ಟು ಹೆಚ್ಚು ಕಡಿಮೆಯಾದರೂ ಆ ಚೇಂಬರು ತಳ್ಳಿಹಾಕಿದಂತೆಯೇ. ಬೇರೆಯವರು ಗೇಜ್ ಹಿಡಿದು, ದೀಪ ಬಿಟ್ಟು, ಮೊಣಕಾಲೂರಿ ನೋಡುತ್ತಾರೆ. ಮಾವ ಗೇಜನ್ನು ಮೇಜಿನ ಮೇಲೆ ಬಿಟ್ಟು, ಕೈಗವಸು ತೆಗೆದು, ತೋರುಬೆರಳಿನ ತುದಿಯನ್ನು ಅಂಚಿನ ಮೇಲೆ ಅಡ್ಡಡ್ಡ ಎಳೆಯುತ್ತ ಚಿಪ್ಪಿನ ಸುತ್ತ ನಡೆದರು. ಮುಖ ಮೇಲಕ್ಕಿತ್ತು, ಛಾವಣಿಯ ಕಡೆ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ. ಒಂದು ಕಡೆ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು. “ಇಲ್ಲಿ ಒಳಗಿಂದು ಮೇಲಿದೆ. ತುಂಬ ಅಲ್ಲ, ಅರ್ಧ ಹತ್ತು.” ಅವಳು ಗೇಜ್ ಇಟ್ಟು ನೋಡಿದಳು. ಮಿಲಿಮೀಟರಿನ ಹತ್ತನೇ ಒಂದು ಪಾಲಿನಲ್ಲಿ ಅರ್ಧ, ಸರಿಯಾಗಿ. ಎಷ್ಟು ಸಲ ನೋಡಿದ್ದರೂ ಅವಳಿಗೆ ಮೈ ಜುಮ್ಮೆನ್ನುತ್ತದೆ. ಮಾವ ಮರದ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿ, ಬೆರಳೆಳೆದು, ತಮ್ಮಷ್ಟಕ್ಕೆ ಹ್ಞೂಂ ಎಂದರು. ಬೆರಳೆಳೆದ ಅಂಚನ್ನು ಅಸಿಟೋನಿನ ಬಟ್ಟೆಯಿಂದ ಒರೆಸುವುದನ್ನೂ ಮರೆಯಲಿಲ್ಲ. ಈ ಮನುಷ್ಯನಿಗೆ ಕಾಣದಿದ್ದರೇನು ಎಂದು ಅವಳಿಗೆ ಜಗಳಕ್ಕೆ ನಿಂತಷ್ಟು ಜೋರಾಗಿ ಅನ್ನಿಸಿತು. ಯಾರ ಜೊತೆ ಜಗಳ ಎಂದು ಗೊತ್ತಾಗಲಿಲ್ಲ.

“ಮುಖ ಯಾಕೆ ಹೀಗಿದೆ?” ಎಂದರು ಮಾವ, ಅವಳ ಕಿವಿಯ ಕಡೆ ನೋಡುತ್ತ.

“ನಿಮಗೆ ಹೇಗೆ ಗೊತ್ತು ಹೇಗಿದೆ ಅಂತ?” ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮಾವ ನಕ್ಕರು. “ಬಂದಾಗಿಂದ ಮೂರು ಸಲ ಸ್ಪ್ಯಾನರ್ ಬೀಳಿಸಿದೀಯಾ. ಕಿವಿ ಇನ್ನೂ ಚೆನ್ನಾಗಿದೆ ನಂಗೆ.” ಮರದ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, “ಏನಾದ್ರೂ ಹೇಳೋದಿದೆಯಾ?” ಎಂದರು.

ಕಿವಿ ಚೆನ್ನಾಗಿದೆ. ಹಾಗಾದರೆ ಕೇಳಿಸಿದೆ, ಬುಧವಾರವೇ ಕೇಳಿಸಿದೆ. ಸುತ್ತಿಗೆ ಮೇಲೆ ನಿಂತದ್ದು ಜಾಗ ಹುಡುಕಲಿಕ್ಕಲ್ಲ, ಅವಳಿಗೆ ಜಾಗ ಬಿಡಲಿಕ್ಕೆ. ಎರಡು ದಿನದಿಂದ ಕಾಯುತ್ತಿದ್ದಾರೆ. ನಿನ್ನೆ ಊಟದ ಡಬ್ಬಿ ತೆರೆಯುವಾಗ ಕಾದರು, ಮೊನ್ನೆ ಗೇಟಿನ ಹತ್ತಿರ ಸುಮ್ಮನೆ ನಿಂತು ಕಾದರು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು, ಬಾಯಿಗೆ ಬಂದದ್ದು “ಏನಿಲ್ಲ ಮಾವ, ಚಹಾ ಕುಡಿಯುವಾಗ ನಾಲಿಗೆ ಸುಟ್ಕೊಂಡೆ” ಎಂಬ ಮಾತು. ಅದೂ ಸುಳ್ಳಲ್ಲ. ಸುಳ್ಳಲ್ಲದ ಮಾತುಗಳನ್ನು ಹೀಗೆ ಹುಡುಕಿ ಹುಡುಕಿ ಆಡುವವಳಾದೆನಲ್ಲ ಎಂದು ತನ್ನ ಮೇಲೆ ಹೇಸಿಗೆಯಾಯಿತು. ಮಾವ “ಸರಿ ಹಾಗಾದ್ರೆ, ತಣ್ಣೀರು ಕುಡಿ” ಎಂದು ಮತ್ತೆ ಚಿಪ್ಪಿನ ಕಡೆ ತಿರುಗಿದರು. ಅವರ ದನಿಯಲ್ಲಿ ಬೇಸರವಿರಲಿಲ್ಲ, ಅದೇ ಅವಳಿಗೆ ಹೊಡೆತಕ್ಕಿಂತ ಹೆಚ್ಚು ನೋವಾಯಿತು. ನೀರಿನ ನಲ್ಲಿಯ ಹತ್ತಿರ ಹೋಗಿ ನಿಜಕ್ಕೂ ಎರಡು ಲೋಟ ತಣ್ಣೀರು ಕುಡಿದಳು.

ಹನ್ನೊಂದಕ್ಕೆ ಭೂತಗನ್ನಡಿ ಫಿಲ್ಮ್ ಕೋಣೆಯ ಬಾಗಿಲಲ್ಲಿ ನಿಂತು ಕೈ ಬೀಸಿದ. “ಮಾವ, ಒಂದ್ನಿಮಿಷ ಬರ್ತೀರಾ?” ಸಾಮಾನ್ಯವಾಗಿ ಅವನು ಯಾರನ್ನೂ ಕರೆಯುವುದಿಲ್ಲ, ಚೆನ್ನಾಗಿದ್ದರೆ ಅಲ್ಲಿಂದಲೇ ಹೆಬ್ಬೆರಳೆತ್ತಿ ಒಳಗೆ ಹೋಗುತ್ತಾನೆ. ಮಾವ ಕೈ ಒರೆಸಿಕೊಂಡು ಹೊರಟರು. ಅವಳನ್ನು ಯಾರೂ ಕರೆದಿರಲಿಲ್ಲ, ಅವಳೂ ಹಿಂದೆ ಹೋದಳು. ಬಾಗಿಲಿನ ಹೊಸ್ತಿಲು ಸ್ವಲ್ಪ ಎತ್ತರ. ಮಾವನ ಕಾಲು ಅದನ್ನು ನೆನಪಿನಿಂದ ದಾಟಿತು. ಸಣ್ಣ ಕೋಣೆ, ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಹಾಲಿನ ಬಣ್ಣದ ಗಾಜಿನ ಬೆಳಕಿನ ಪೆಟ್ಟಿಗೆ, ಅದರ ಮೇಲೆ ಒಂದು ಅಂಗೈಯಗಲದ ಉದ್ದನೆಯ ಫಿಲ್ಮ್. ಸುತ್ತು ಸಾಲನ್ನು ಎಂಟು ಪಾಲು ಮಾಡಿ ಎಂಟು ಫಿಲ್ಮ್ ತೆಗೆಯುತ್ತಾರೆ. ಯಾವುದು ಎಷ್ಟನೆಯದೆಂದು ತಿಳಿಯಲು ಪ್ರತಿಯೊಂದರ ಮೂಲೆಗೆ ಸೀಸದ ಅಂಕಿ ಅಂಟಿಸಿರುತ್ತಾರೆ, ಅದು ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತದೆ. ಇದು ಆರನೆಯದು. ಕಪ್ಪು ಹಿನ್ನೆಲೆಯಲ್ಲಿ ಬೂದು ಪಟ್ಟಿಯಾಗಿ ಸಾಲು, ಅದರ ನಡುವೆ, ಅವಳು ಬಾಗಿಲಲ್ಲೇ ನಿಂತು ಕಂಡಳು, ಸಾಸಿವೆಯ ಕಾಲು ಭಾಗದಷ್ಟು ಒಂದು ಬಿಳಿ ಚುಕ್ಕಿ. ಎಷ್ಟು ಚಿಕ್ಕದು. ಎರಡು ದಿನ ಅವಳೊಳಗೆ ಅದು ಈ ಕೋಣೆಯಷ್ಟಿತ್ತು.

“ಮಾವ, ಬೇಜಾರು ಮಾಡ್ಕೋಬೇಡಿ” ಎಂದ ಭೂತಗನ್ನಡಿ. ಅವನ ದನಿ ಸಾವಿನ ಮನೆಗೆ ಬಂದವನ ದನಿಯಾಗಿತ್ತು. “ಎರಡು ಸಲ ನೋಡಿದೆ, ಫಿಲ್ಮೇ ಕೆಟ್ಟಿರಬೇಕು ಅಂತ ಇನ್ನೊಂದು ತೆಗೆಸಿದೆ. ಅದರಲ್ಲೂ ಇದೆ. ಟಂಗ್‌ಸ್ಟನ್ನೇ. ಇಷ್ಟು ವರ್ಷದಲ್ಲಿ ಏಳನೇ ನಂಬರಿಂದು ನಾನು ಬರೀಬೇಕಾಗಿ ಬಂತಲ್ಲ ಅಂತ ನಂಗೇ ಒಂಥರಾ ಆಗ್ತಿದೆ. ನೀವೇ ನೋಡಿಬಿಡಿ.” ಅವನು ಕೊರಳಿನಿಂದ ದುಂಡು ಗಾಜು ಬಿಚ್ಚಿ ಕೊಟ್ಟ. ಮಾವ ಗಾಜು ತೆಗೆದುಕೊಳ್ಳಲಿಲ್ಲ. ಬಗ್ಗಿದರು, ಕೊರಳು ಓರೆ ಮಾಡಿದರು, ಬೆಳಕು ಅವರ ಕೆನ್ನೆಯ ಒಂದು ಬದಿಗೆ ಬಿತ್ತು. ತೋರುಬೆರಳು ಮುಂದೆ ಹೋಯಿತು. ಕೂದಲಿನಷ್ಟು ಏರುಪೇರನ್ನು ಹಿಡಿಯುವ ಬೆರಳು ನುಣುಪಾದ ಫಿಲ್ಮಿನ ಮೇಲೆ ಏನೂ ಸಿಗದೆ ತಡವಿತು, ಬೆಳ್ಳಗೆ ಕಂಡ ಏನನ್ನೋ ಮುಟ್ಟಿ ಅಲ್ಲಿ ನಿಂತಿತು.

“ಹೌದು. ಮುಟ್ಟಿದೆ” ಎಂದರು ಮಾವ. “ನನ್ನದೇ. ಬರ್ಕೊ.”

ಬೆರಳು ಮೂಲೆಯಲ್ಲಿತ್ತು. ಸೀಸದ ಆರರ ಮೇಲೆ.

ಭೂತಗನ್ನಡಿ ಬೆರಳನ್ನು ನೋಡಿದ, ಮಾವನ ಮುಖ ನೋಡಿದ, ಅವಳನ್ನು ನೋಡಿದ. ಅವನು ಪೆದ್ದನಲ್ಲ. ಕೈಯಲ್ಲಿದ್ದ ಗಾಜನ್ನು ಅಂಗಿಯ ತುದಿಯಿಂದ ಸುಮ್ಮನೆ ಒರೆಸತೊಡಗಿದ. ಮಾವನಿಗೆ ಮೌನ ಕೇಳಿಸಿತು. ಬೆರಳು ಒಂದಿಷ್ಟು ಆಚೆ ಸರಿದು ಮತ್ತೆ ಈಚೆ ಬಂತು, ಎಲ್ಲಿ ಎಂದು ಕೇಳುವಂತೆ. ಅವಳಿಗೆ ಅದನ್ನು ನೋಡಲಾಗಲಿಲ್ಲ. ಅವಳ ತಪ್ಪನ್ನು ಹೊರಲು ಬಂದ ಬೆರಳು, ಹೊರಬೇಕಾದ್ದು ಎಲ್ಲಿದೆ ಎಂದೇ ಕಾಣದೆ ಬೇರೆಯವರ ಮುಂದೆ ತಡಕಾಡುತ್ತಿತ್ತು; ಹೀಗೆ ಮಾಡಿದವಳು ತಾನು. ಮೂವತ್ತೊಂದು ವರ್ಷದ ಹೆಸರು ಹೋಗುವುದಾದರೆ ಹೋಗಲಿ ಎಂದು ಅದನ್ನು ಅವಳಿಗಾಗಿ ಕೊಟ್ಟುಬಿಡಲು ಆ ಮನುಷ್ಯನಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಅವಳು ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದಳು. ಯಾಕೆ ತೆರೆದಳೋ, ಒಳಗೆ ಹೇಳಿದರೆ ಹೇಳಿದಂತಾಗುವುದಿಲ್ಲ ಅನ್ನಿಸಿತು. ಶಾಪಿನ ಕಡೆ ಮುಖ ಮಾಡಿ, ಹದಿನಾಲ್ಕು ವರ್ಷದ ಹಿಂದೆ ಮಾವಾ ಎಂದು ಕೂಗಿದ ಅದೇ ಗಂಟಲಿನಿಂದ ಕೂಗಿದಳು: “ಮುಟ್ಟಿದೆ!”

ಈ ಸಲ ಗ್ರೈಂಡರುಗಳು ನಿಲ್ಲಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಲೇತಿನ ಆಚೆಯಿಂದ ಯಾರೋ, ಯಾರು ಏನು ಎಲ್ಲಿ ಎಂದೂ ಕೇಳದೆ, “ಉಜ್ಜಿ ತೆಗಿ, ಮತ್ತೆ ಹಾಕು” ಎಂದು ರೂಢಿಯಂತೆ ಹೇಳಿದರು. ಅವಳು ಒಳಕ್ಕೆ ತಿರುಗಿದಳು. “ನಾನು ಸಾರ್, ಮುಟ್ಟಿದ್ದು ನಾನು. ಬುಧವಾರ ಮಧ್ಯಾಹ್ನ. ಸೂಜಿ ಮುಟ್ಟಿದ್ದು ಗೊತ್ತಾಯ್ತು, ಹೇಳಲಿಲ್ಲ. ನಂಬರು ನಂದಲ್ಲವಲ್ಲ ಅಂತ...” ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಮುಂದಿನದನ್ನೂ ಹೇಳಿದಳು. “ನಂಬರು ನಂದಲ್ಲವಲ್ಲ ಅಂತ ಖುಷಿಯಾಯ್ತು ಮಾವ. ಒಂದೇ ಗಳಿಗೆ. ಆದ್ರೆ ಆಯ್ತು.”

ಮಾವ ನೆಟ್ಟಗೆ ನಿಂತರು. ಅವಳ ಕಿವಿಯ ಕಡೆ ನೋಡುತ್ತ, ಅಂದರೆ ಅವಳನ್ನೇ ನೋಡುತ್ತ, “ನಂಗೂ ಆಗಿದೆ” ಎಂದರು. “ನಿನ್ನ ಸಾಲನ್ನ ಇವನು ನನ್ನ ಕೈ ಅಂತ ಹೊಗಳಿದಾಗ. ನೀನು ಪಕ್ಕದಲ್ಲೇ ಇದ್ದೆ, ನಾನು ಸುಮ್ಮನಿದ್ದೆ.” ಆಮೇಲೆ ಇನ್ಸ್‌ಪೆಕ್ಟರನ ಕಡೆ ತಿರುಗಿದರು, ಸ್ವಲ್ಪ ಹೆಚ್ಚೇ ತಿರುಗಿ, ಗೋಡೆಯ ಕಡೆ. “ಹಾಗಾದ್ರೆ ನಂದೂ ಒಂದು ಇದೆಯಪ್ಪ. ಐದು ತಿಂಗಳಾಯ್ತು. ಮುಟ್ಟಿದೆ. ನಂಗೆ ಕಣ್ಣು ಕಾಣ್ತಿಲ್ಲ.”

ಇನ್ಸ್‌ಪೆಕ್ಟರನಿಗೆ ಯಾವ ಕಣ್ಣು ಎಂದು ತಿಳಿಯಿತೋ ಇಲ್ಲವೋ. ಅವಳಿಗೆ ತಿಳಿಯಿತು. ಎರಡೂ ತಿಳಿಯಿತು. ಮುಟ್ಟಿದೆ ಎಂಬ ಮಾತಿಗೆ ಉತ್ತರ ಕೊಡಬೇಕಾದವರು ಹತ್ತಿರದಲ್ಲಿ ಇದ್ದವರು ಎಂಬುದು ಅವಳಿಗೆ ನೆನಪಾಯಿತು. “ಉಜ್ಜಿ ತೆಗೀರಿ ಮಾವ” ಎಂದಳು, “ಮತ್ತೆ ಹಾಕಣ.” ಮಾವನ ಮುಖ ಸಡಿಲವಾದದ್ದನ್ನು ಅವಳು ಕಂಡಳು, ಐದು ತಿಂಗಳಿಂದ ಆ ಮುಖ ಬಿಗಿದುಕೊಂಡೇ ಇತ್ತೆಂದು ಗೊತ್ತಾದದ್ದೇ ಆಗ. ಅವರು ಜೇಬಿನಿಂದ ಏಳರ ಪಂಚ್ ತೆಗೆದು ಬೆಳಕಿನ ಪೆಟ್ಟಿಗೆಯ ಗಾಜಿನ ಮೇಲೆ ಸದ್ದಾಗದಂತೆ ಇಟ್ಟರು. ಮೂವತ್ತೊಂದು ವರ್ಷ ಏಟು ತಿಂದು ಅದರ ತಲೆ ಅಣಬೆಯಂತೆ ಚಪ್ಪಟೆಯಾಗಿತ್ತು. ಭೂತಗನ್ನಡಿ ಅದನ್ನು ಮುಟ್ಟಲಿಲ್ಲ. “ಬರೀಬೇಕಾಗುತ್ತೆ ಮಾವ, ಐದು ತಿಂಗಳಿಂದೂ. ಮ್ಯಾನೇಜರ್‌ಗೆ ನಾನು...” “ಬರಿ. ಮುಚ್ಚಿಡಬೇಡ. ಆ ಸಾಲುಗಳಿಗೆಲ್ಲ ಇವಳ ನಂಬರು ಬರಿ. ಕೂಡಿಸಿದ್ದು ಮಾತ್ರ ನಾನು, ಅದರಲ್ಲಿ ಪಾಲು ಬಿಟ್ಟುಕೊಡಲ್ಲ” ಎಂದರು ಮಾವ. ಭೂತಗನ್ನಡಿ ಮೂಗು ಸೀಟಿಕೊಂಡು ಪೆನ್ನು ಹುಡುಕಿದ. ಮ್ಯಾನೇಜರು ಏನೆನ್ನುತ್ತಾನೆ, ಅಮ್ಮನಿಗೆ ಹೇಗೆ ಹೇಳುವುದು, ಇದ್ಯಾವುದೂ ತೀರ್ಮಾನವಾಗಲಿಲ್ಲ. ಚುಕ್ಕಿ ಇದ್ದ ಜಾಗವನ್ನು ಭೂತಗನ್ನಡಿ ಚೇಂಬರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಟ್ಟ, ಅಷ್ಟೇ.

ಮಧ್ಯಾಹ್ನ ಅವಳು ಹಸಿರು ಪರದೆಯನ್ನು ಎಳೆಯದೆ ಬಿಟ್ಟಳು. ಹಾದುಹೋಗುವವರ ಕಣ್ಣಿಗೆ ಬೆಳಕು ಬೀಳದಂತೆ ಅರ್ಧ ಮಾತ್ರ ಎಳೆಯೆಂದು ಮಾವ ಗದರಿದ ಮೇಲೆ ಅರ್ಧ ಎಳೆದಳು. ಸಣ್ಣ ಕಲ್ಲು ಹಾಕಿದ ಗ್ರೈಂಡರಿನಿಂದ ತನ್ನದೇ ಚೆಂದದ ಬಳೆಗಳ ಸಾಲನ್ನು ಒಂದು ಬೆರಳಗಲ ಕೆರೆದು ತೆಗೆಯುವಾಗ ಮೈಮೇಲೆ ಯಾರೋ ಉಜ್ಜಿದಂತಾಯಿತು, ಹಾಗೇ ಹಗುರವೂ ಆಯಿತು. ಚೂರು ಸಿಕ್ಕಿತು, ಒಂದು ಕಪ್ಪು ಕಾಳು, ಗಾಳಿಗೆ ಹಾರಿಹೋಯಿತು. ಒರೆಸಿದಳು. ಹೊಸ ಸೂಜಿ ಮಸೆದು ಟಾರ್ಚಿಗೆ ಹಾಕಿದಳು. ಮಾವ ಬೆರಳಿನಿಂದ ತಗ್ಗನ್ನು ತಡವಿ, ಅಂಚು ನುಣ್ಣಗಿದೆ ಎಂದು ತಿಳಿದು, ಬೆರಳು ಮುಟ್ಟಿದ ಜಾಗವನ್ನು ತಾವೇ ಮತ್ತೊಮ್ಮೆ ಒರೆಸಿ, ರೋಲರಿನ ಹಿಡಿಯ ಹತ್ತಿರ ಕೂತರು. ಅವಳು ಹೆಲ್ಮೆಟ್ ಇಳಿಸಿದಳು. ಕತ್ತಲು, ಆಮೇಲೆ ಬೆಳಕು, ಬೆಳಕಿನ ನಡುವೆ ಮೆಲ್ಲಗೆ ಲೋಹ ಕರಗಿ ಒದ್ದೆಯಾಗಿ ದುಂಡಗಾಯಿತು. ಮಾವ ಎಲ್ಲಿ ನೋಡುತ್ತಿದ್ದರೋ, ಅವಳಿಗೆ ಕಾಣುತ್ತಿರಲಿಲ್ಲ. ದನಿ ಮಾತ್ರ ಪಕ್ಕದಿಂದ ಬಂತು, ಹಸಿದವನು ಅಡುಗೆಯ ವಿಷಯ ಕೇಳುವಷ್ಟು ಮೆತ್ತಗೆ.

“ಕಣ್ಣು ಹೇಗಿದೆ?”

“ದುಂಡಗಿದೆ ಮಾವ.”

“ಅಂಚು?”

“ನಡುಗ್ತಿಲ್ಲ. ಎಡಗಡೆ ಸ್ವಲ್ಪ ಹೆಚ್ಚು ಹೊಳೀತಿದೆ. ಈಗ ಸರಿಹೋಯ್ತು. ಕಡ್ಡಿ ಹಾಕ್ತಿದೀನಿ. ಕುಡ್ಕೊಂತು. ಮುಂದೆ ಹೋಗ್ತಿದೀನಿ, ನೋಡಿ.”

“ಹ್ಞೂಂ” ಎಂದರು ಮಾವ, “ಹೇಳ್ತಾ ಹೋಗು, ನಾನು ನೋಡ್ತಿದೀನಿ.”